ಕಬ್ಬು ಕಡಿದ ಮೇಲೆ, ರಂಟೆ ಬರುವ ಮೊದಲು

ನಮ್ಮ ತಾಲೂಕಿನ ಭೂಮಾಪನ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಗಂಡನನ್ನು ಮಣ್ಣು ಮಾಡಿದ ಜಾಗ ಈಗ ಬಾಜೂ ಹೊಲದವರ ಕಬ್ಬಿನೊಳಗಿದೆ. ಬದು ಸರಿದಿದೆ. ಸರಿಸಿದವರು ಯಾರು ಎಂಬುದು ಊರಿಗೆಲ್ಲ ಗೊತ್ತು. ಎಷ್ಟು ಸರಿಸಿದರು ಎಂಬುದನ್ನು ಹೇಳಬೇಕಾದವರು ನೀವು, ಕಬ್ಬು ನಿಂತಿದೆ ಎಂಬ ಕಾರಣಕ್ಕೆ ನೀವು ಅದನ್ನು ಹೇಳುತ್ತಿಲ್ಲ. ಈ ವಾರವೋ ಬರುವ ವಾರವೋ ಆ ಕಬ್ಬು ಕಡಿಯುತ್ತಾರೆ. ಕಡಿದ ಬೆನ್ನಿಗೇ ಟ್ರ್ಯಾಕ್ಟರ್ ಬಂದು ರಂಟೆ ಹೊಡೆದು ನೆಲವನ್ನೆಲ್ಲ ಉತ್ತುಬಿಡುತ್ತದೆ. ಆ ಎರಡರ ನಡುವೆ ನಿಮ್ಮ ಸರ್ವೇಯರ್ ನಮ್ಮ ಹೊಲಕ್ಕೆ ಬಂದು ಅಳೆಯಬೇಕು. ನನ್ನ ತಕರಾರು ಇಷ್ಟೇ. ಇಷ್ಟನ್ನೇ ಬರೆದು ಸಹಿ ಹಾಕಿದ ಅರ್ಜಿಗಳು ನಿಮ್ಮಲ್ಲಿ ಈಗಾಗಲೇ ಇವೆ. ಅವು ಯಾರೂ ಓದದೆ ಬಿದ್ದಿರುವುದರಿಂದ ಈ ಸಲ ಎಲ್ಲರೂ ಓದುವ ಹಾಗೆ ಪತ್ರಿಕೆಗೆ ಬರೆಯುತ್ತಿದ್ದೇನೆ.

ತಾಲೂಕಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ, ಸುತ್ತಲಿನ ಎಲ್ಲ ಕಚೇರಿಯವರೂ ಇದು ತಮಗೇ ಎಂದು ಓದಲಿ. ಘಟಪ್ರಭಾ ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಟೈಪಿಂಗ್ ಅಂಗಡಿ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಕಡೆಯ ಜನ ರೈಲು ಇಳಿದು, ಬಸ್ಸು ಇಳಿದು ಅರ್ಜಿ ಬರೆಸಲು ನನ್ನಲ್ಲಿಗೆ ಬರುತ್ತಾರೆ. ‘ಅಕ್ಕಾರ, ಸಾಹೇಬ್ರ ಮನಸ ಕರಗೂವಂಗ ಬರೀರಿ’ ಅನ್ನುತ್ತಾರೆ. ‘ತಮ್ಮಲ್ಲಿ ವಿನಮ್ರವಾಗಿ ಬೇಡಿಕೊಳ್ಳುವುದೇನೆಂದರೆ’ ಎಂಬ ಸಾಲನ್ನು ಎಷ್ಟು ಸಲ ಬಡಿದಿದ್ದೇನೋ, ಅದಕ್ಕೀಗ ನನ್ನ ಬೆರಳುಗಳು ಕಣ್ಣನ್ನು ಕೇಳುವುದೇ ಇಲ್ಲ. ಅಷ್ಟು ವರ್ಷ ಬೇರೆಯವರ ಪರವಾಗಿ ಬೇಡಿಕೊಂಡವಳಿಗೆ ತನ್ನ ಪಾಳಿ ಬಂದಾಗ ಬೇಡಿಕೊಳ್ಳುವುದೇ ಸಾಕಾಗಿ ಹೋಗಿದೆ. ಈ ಪತ್ರದಲ್ಲಿ ವಿನಮ್ರತೆ ಕಡಿಮೆ ಕಂಡರೆ ಅದನ್ನು ದಯವಿಟ್ಟು ಟೈಪಿನ ತಪ್ಪೆಂದು ತಿಳಿಯಬೇಡಿ.

ಮೊದಲು ಬದುವಿನ ಬಗ್ಗೆ ಹೇಳುತ್ತೇನೆ. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಕೈಯಲ್ಲಿ ಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಹೊಲ ಇದ್ದವರು ತಮ್ಮ ಹೊಲದಲ್ಲೇ ಮಾಡುತ್ತಾರೆ, ಅದೂ ಬದುವಿನ ಬದಿಗೆ, ಯಾಕೆಂದರೆ ಅಲ್ಲಿಗೆ ರಂಟೆ ಹೋಗುವುದಿಲ್ಲ. ನಿಮ್ಮ ನಕಾಶೆಯಲ್ಲಿ ಹೊಲದ ಅಂಚು ಎಂದರೆ ಒಂದು ಗೆರೆ. ನಮಗೆ ಅದು ಹಿರಿಯರು ಕೂತಿರುವ ಜಾಗ. ಯಾರಾದರೂ ಬದು ತಿಂದರೆ ಮೊದಲು ಹೋಗುವವರು ಅವರೇ. ನಮ್ಮ ಯಜಮಾನರು ವೀರಪ್ಪನವರು ಮಮದಾಪುರದ ಕಡೆ ಇರುವ ನಮ್ಮ ಹೊಲದಲ್ಲಿ ಗೋವಿನಜೋಳಕ್ಕೆ ನೀರು ಬಿಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ಮೂಡಣ ಬದುವಿನ ಪಕ್ಕಕ್ಕೆ ನಮ್ಮ ಬದಿಗೆ ಅವರನ್ನು ಮಣ್ಣು ಮಾಡಿ, ಗುರುತಿಗೆ ಒಂದು ಕಲ್ಲು ಇಟ್ಟೆವು. ಮಣ್ಣು ಕುಸಿದು ಕೂತ ಮೇಲೆ ಗದ್ದುಗೆ ಕಟ್ಟಿಸಬೇಕೆಂದು ಕಾಯುತ್ತಿದ್ದೆ. ಸೋಮವಾರಕ್ಕೊಮ್ಮೆ ಹೋಗಿ ನೀರು ಹಾಕಿ, ವಿಭೂತಿ ಹಚ್ಚಿ, ಅಂಗಡಿಯ ಸುದ್ದಿ ಹೇಳಿ ಬರುತ್ತಿದ್ದೆ. ಇದನ್ನು ಓದಿ ನಗುವವರು ನಗಲಿ. ಮದುವೆಯಾದಾಗಿನಿಂದ ದಿನಾ ಸಂಜೆ ಆ ಮನುಷ್ಯನಿಗೆ ಸುದ್ದಿ ಹೇಳಿದ ಬಾಯಿ ಇದು, ಒಮ್ಮೆಲೇ ಸುಮ್ಮನಾಗು ಎಂದರೆ ಆಗುವುದಿಲ್ಲ.

ಇನ್ನು ನಾನು ಮಾಡಿಕೊಂಡ ಎಡವಟ್ಟು. ಎಳ್ಳ ಅಮಾವಾಸ್ಯೆಗೆ ನಮ್ಮ ಕಡೆ ಹೊಲಕ್ಕೆ ಚರಗ ಚೆಲ್ಲುತ್ತಾರೆ. ನೀವು ಬೇರೆ ಸೀಮೆಯಿಂದ ವರ್ಗವಾಗಿ ಬಂದವರಾದರೆ ತಿಳಿಯಲೆಂದು ಹೇಳುತ್ತೇನೆ. ಸಜ್ಜೆ ರೊಟ್ಟಿ, ಕಡುಬು, ಪುಂಡಿಪಲ್ಯ, ಮೊಸರನ್ನ ಬುಟ್ಟಿಯಲ್ಲಿ ಹೊತ್ತು ಹೋಗಿ ಭೂಮಿಗೆ ಪೂಜೆ ಮಾಡುತ್ತೇವೆ. ಆಮೇಲೆ ಎಲ್ಲದರಲ್ಲೂ ಒಂದಿಷ್ಟು ಕಲಸಿಕೊಂಡು ಹೊಲದ ಸುತ್ತ ಬದುವಿನ ಮೇಲೆ ನಡೆಯುತ್ತೇವೆ. ಮುಂದಿನವರು ‘ಹುಲ್ಲುಲ್ಲಿಗೋ’ ಎಂದು ಕೂಗುತ್ತ ಚೆಲ್ಲಿದರೆ ಹಿಂದಿನವರು ‘ಚಲ್ಲಂಬರಿಗೋ’ ಎನ್ನುತ್ತ ನೀರು ಚಿಮುಕಿಸುತ್ತಾರೆ. ಆಮೇಲೆ ಬಾಜೂ ಹೊಲದವರನ್ನೂ ಕರೆದು ಒಟ್ಟಿಗೆ ಕೂತು ಉಣ್ಣುತ್ತೇವೆ. ನಿಮ್ಮ ಇಲಾಖೆ ಹುಟ್ಟುವ ಮೊದಲಿನಿಂದ ನಡೆದು ಬಂದ ಹೊಲದ ಅಳತೆ, ಮೋಜಣಿ ಅದು, ಅದಕ್ಕೆ ಅರ್ಜಿ ಬೇಡ, ಪಾಳಿ ಬೇಡ.

ಯಜಮಾನರು ತೀರಿಕೊಂಡ ವರ್ಷ ನಮಗೆ ಹಬ್ಬವಿರಲಿಲ್ಲ. ಬಾಜೂ ಹೊಲದ ಪಾರವ್ವನವರು ನನಗೆ ಅತ್ತೆಯ ವಯಸ್ಸಿನವರು, ನಮ್ಮ ಮನೆಗೆ ಬಂದು ನನ್ನ ಕೈ ಹಿಡಿದುಕೊಂಡು ಹೇಳಿದರು. ‘ಹಬ್ಬ ಇಲ್ಲಂತ ಭೂಮಿತಾಯಿನ್ನ ಉಪಾಸ ಕೆಡವಬ್ಯಾಡ ಯವ್ವಾ. ನಿನ್ ಹೊಲಕ್ಕೂ ನಾನ ಚೆಲ್ಲಿ ಬರ್ತೇನಿ.’ ನನಗೆ ಅಳು ಬಂತು. ‘ಚೆಲ್ಲಿ ಬರ್ರಿ ಅತ್ತಿ’ ಅಂದೆ. ಅವರು ಮೂಡಣ ಬದು ದಾಟಿ ನಮ್ಮ ಹೊಲದೊಳಗೆ ಬಂದು, ನಮ್ಮವರ ಕಲ್ಲಿಗೂ ಒಂದು ತುತ್ತು ಇಟ್ಟು, ಚರಗ ಚೆಲ್ಲಿ ಹೋದರು. ಅವರ ಕೂಗು ಅವರ ಮಗ ಕೇಳಿದ, ಕಬ್ಬಿಗೆ ಬಂದಿದ್ದ ಆಳುಗಳು ಕೇಳಿದರು. ಇಷ್ಟು ವರ್ಷ ಅರ್ಜಿ ಟೈಪು ಮಾಡಿದ ನನಗೆ ಮುಂದೆ ಇದೇ ನನ್ನ ವಿರುದ್ಧ ಪುರಾವೆ ಆದೀತು ಎಂದು ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಅನ್ನ ಚೆಲ್ಲುವ ಕೈಯನ್ನು ಅನುಮಾನಿಸುವ ಬುದ್ಧಿ ನನಗೆ ಯಾರೂ ಕಲಿಸಿರಲಿಲ್ಲ.

ಮುಂದಿನ ಹಂಗಾಮಿಗೆ ಪಾರವ್ವನವರ ಮಗ ದುಂಡೇಶ ಹೊಸ ಕಬ್ಬು ಹಚ್ಚಿದ. ಒಂದು ಸೋಮವಾರ ನಾನು ಹೋದರೆ ಬದು ಇದ್ದಲ್ಲಿ ಇರಲಿಲ್ಲ. ನಮ್ಮ ಹೊಲದೊಳಗೆ ಕೆಲವು ಸಾಲುಗಳಷ್ಟು ಸರಿದು ಬಂದು, ಹೊಸ ಮಣ್ಣೇರಿಸಿಕೊಂಡು, ಹುಟ್ಟಿದಾಗಿನಿಂದ ಅಲ್ಲೇ ಇದ್ದ ಹಾಗೆ ಕೂತಿತ್ತು. ಗಡಿಕಲ್ಲು ನಾಪತ್ತೆಯಾಗಿತ್ತು. ನಮ್ಮವರ ಕಲ್ಲು ಆ ಬದುವಿನ ಆಚೆಗೆ ಉಳಿದಿತ್ತು. ಅದರ ಸುತ್ತ ಒಂದು ಹೊರಸಿನಷ್ಟು, ಮಂಚ ಹಾಕುವಷ್ಟು ಜಾಗ ಬಿಟ್ಟು ಉಳಿದದ್ದಕ್ಕೆಲ್ಲ ಕಬ್ಬು ಹಚ್ಚಿದ್ದರು. ನಾನು ಅಲ್ಲೇ ನಿಂತು ದುಂಡೇಶನನ್ನು ಕೂಗಿದೆ.

‘ಏನೋ ಇದು?’

‘ವೈನಿ, ಟ್ರ್ಯಾಕ್ಟರ್ ತಿರಗಾಕ ಜಾಗಾ ಸಾಲಾಕತ್ತಿರಲಿಲ್ರಿ. ಹಳೇ ಬದು ಸೊಟ್ಟ ಇತ್ತು, ನೆಟ್ಟಗ ಮಾಡೇನಿ. ಅಣ್ಣಾರ ಜಾಗಾ ಮುಟ್ಟಿಲ್ಲ ನೋಡ್ರಿ.’

‘ನೆಟ್ಟಗ ಮಾಡೂದಿತ್ತಂದ್ರ ನಿನ್ ಹೊಲದ ಕಡೆ ಸರಿಸಿ ಮಾಡಬೇಕಿತ್ತಿಲ್ಲೋ?’

ಅವನು ಬದುವಿನ ಹೊಸ ಮಣ್ಣನ್ನು ಕಾಲಿನಿಂದ ತುಳಿದು ಗಟ್ಟಿ ಮಾಡಿದ. ‘ಯಾವಾಗ ಬೇಕಂದ್ರ ಆವಾಗ ಬರ್ರಿ ವೈನಿ, ನಾ ಏನ್ ಬ್ಯಾಡ ಅನ್ನಂಗಿಲ್ಲ’ ಅಂದ. ದೊಡ್ಡ ಮನಸ್ಸು. ನನ್ನ ಹೊಲದಲ್ಲಿ ನನ್ನ ಗಂಡನ ಹತ್ತಿರ ಹೋಗಲು ನನಗೆ ಪರವಾನಿಗಿ ಸಿಕ್ಕಿತು. ಆ ದಿನದಿಂದ ಇಂದಿನವರೆಗೂ ನನಗೆ ಸಿಟ್ಟು ಇಳಿದಿಲ್ಲ. ಕಬ್ಬು ಎದೆಮಟ್ಟ ಬಂದ ಮೇಲೆ ಒಳಗೆ ಹೋಗುವುದಾದರೆ ಸೆರಗು ಹೊದ್ದುಕೊಂಡು, ಗರಿ ಮುಖ ಕೊಯ್ಯದ ಹಾಗೆ ಕೈ ಅಡ್ಡ ಹಿಡಿದು, ಹಾವು ಚೇಳು ನೋಡಿಕೊಂಡು ಹೋಗಬೇಕು. ಹಾಗೆ ಹೋಗಿ ಕೂತರೂ ಬಾಯಿಗೆ ಸುದ್ದಿ ಬರುವುದಿಲ್ಲ. ಪರರ ಮನೆಯ ಪಡಸಾಲೆಯಲ್ಲಿ ಕೂತು ಗಂಡನ ಜೊತೆ ಮಾತಾಡಿದ ಹಾಗೆ ಸಂಕೋಚವಾಗುತ್ತದೆ.

ಊರ ಹಿರಿಯರನ್ನು ಸೇರಿಸಿದೆ. ದುಂಡೇಶ ಅಲ್ಲಿ ಎದ್ದು ನಿಂತು, ‘ಯಾರ ಕೈಲೆ ಚರಗ ಬಿದ್ದೈತೋ ಹೊಲ ಅವರದು, ಇದು ನಮ್ಮ ಹಿರೇರ ಮಾತು. ಹೋದ ಸಲ ಅಲ್ಲಿ ಚರಗ ಚೆಲ್ಲಿದ್ದು ನಮ್ಮವ್ವ. ಬೇಕಾದ್ರ ಕೇಳ್ರಿ’ ಅಂದ. ಹಿರಿಯರು ಪಾರವ್ವನವರನ್ನು ಕರೆಸಿ ‘ನೀವ ಚೆಲ್ಲೀರೇನ್ರಿ’ ಎಂದು ಕೇಳಿದರು. ‘ಹೌದ್ರಿ, ನಾನ ಚೆಲ್ಲೇನಿ’ ಎಂದು ಪಾರವ್ವನವರು ನೆಲ ನೋಡುತ್ತ ಹೇಳಿದರು. ಯಾರ ಪರವಾಗಿ ಚೆಲ್ಲಿದಿರಿ ಎಂದು ಯಾರೂ ಕೇಳಲಿಲ್ಲ. ನಾನು ಕೇಳಲು ಹೋದರೆ ‘ಹೆಣ್ಮಕ್ಕಳ ಜಗಳಕ್ಕ ಕುಂತಿಲ್ಲ ನಾವಿಲ್ಲಿ’ ಎಂದು ಹಿರಿಯರು ಚಹಾ ಕುಡಿದು ಎದ್ದರು. ಪೊಲೀಸರಲ್ಲಿಗೆ ಹೋದರೆ ಇದು ಸಿವಿಲ್ ವ್ಯಾಜ್ಯ ಅಂದರು. ವಕೀಲರಲ್ಲಿಗೆ ಹೋದರೆ ಮೊದಲು ಹದ್ದುಬಸ್ತು ಮಾಡಿಸಿ, ಅಂದರೆ ಸರ್ಕಾರದಿಂದ ಗಡಿ ಅಳೆಸಿಕೊಂಡು ಬನ್ನಿ ಅಂದರು. ಹೀಗೆ ಎಲ್ಲ ದಾರಿಗಳೂ ನಿಮ್ಮ ಬಾಗಿಲಿಗೆ ಬಂದು ನಿಂತವು.

ನಿಮ್ಮ ಬಾಗಿಲಲ್ಲಿ ಏನಾಯಿತು? ಅರ್ಜಿ ಹಾಕಿದೆ. ಕಾಯ್ದೆ ಪ್ರಕಾರ ಬಾಜೂದವರಿಗೆಲ್ಲ ನೋಟೀಸು ಹೋಯಿತು. ನಿಮ್ಮ ಸರ್ವೇಯರ್ ಬಂದರು, ರಸ್ತೆಯ ಮೇಲೆ ಮೋಟಾರ್‌ಸೈಕಲ್ ನಿಲ್ಲಿಸಿದರು, ಇಳಿಯದೆಯೇ ಕಬ್ಬನ್ನು ನೋಡಿದರು.

‘ಅಕ್ಕಾರ, ಇದರಾಗ ಹೆಂಗ್ ಅಳೀಬೇಕ್ರಿ? ಕಡದ ಮ್ಯಾಲ ಮತ್ತೊಂದು ಅರ್ಜಿ ಹಾಕ್ರಿ.’

‘ಬೆಳೆ ಇರುವುದರಿಂದ ಅಳತೆ ಸಾಧ್ಯವಾಗಿಲ್ಲ’ ಎಂದು ಷರಾ ಬರೆದುಕೊಂಡು ಹೋದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಖರೆ ಹೇಳಬೇಕೆಂದರೆ, ಆ ಕಬ್ಬಿನೊಳಗೆ ಅಳೆಯುವುದು ಯಾರಿಗೂ ಆಗುವ ಕೆಲಸವಲ್ಲ. ಕಬ್ಬು ಕಡಿದರು, ಮತ್ತೊಂದು ಅರ್ಜಿ ಹಾಕಿದೆ. ಪಾಳಿ ಬರಬೇಕು ಅಂದರು. ಪಾಳಿ ಬರುವಷ್ಟರಲ್ಲಿ ಕಡಿದ ಬುಡದಿಂದ ಕುಳೆ ಕಬ್ಬು ಚಿಗುರಿ ನನ್ನನ್ನು ಮೀರಿ ಬೆಳೆದಿತ್ತು. ಮತ್ತೆ ಅದೇ ಮೋಟಾರ್‌ಸೈಕಲ್ ಬಂದು ಅದೇ ಷರಾ ಬರೆದುಕೊಂಡು ಹೋಯಿತು. ಸ್ವಾಮಿ, ಕುಳೆ ಎಂದರೆ ಏನು ಎಂದು ನಿಮ್ಮ ಕಚೇರಿಗೆ ಗೊತ್ತಿಲ್ಲವೆ? ಒಮ್ಮೆ ಹಚ್ಚಿದ ಕಬ್ಬು ಕಡಿದ ಹಾಗೆಲ್ಲ ಎದ್ದು ಬರುತ್ತದೆ. ಘಟಪ್ರಭೆಯ ನೀರು ಕುಡಿಯುವ ಈ ಸೀಮೆಯಲ್ಲಿ ಕಬ್ಬಿಲ್ಲದ ಹೊಲ ಎಷ್ಟಿವೆ? ಬೆಳೆ ಇಲ್ಲದಾಗ ಮಾತ್ರ ಅಳೆಯುತ್ತೇವೆ ಎಂಬುದು ನಿಮ್ಮ ನಿಯಮವಾದರೆ, ಒತ್ತುವರಿ ಮಾಡುವವನು ಏನು ಮಾಡಬೇಕು ಎಂಬುದನ್ನು ನೀವೇ ಹೇಳಿಕೊಟ್ಟಂತಾಯಿತು. ಬದು ಕೆಡವು, ಕಬ್ಬು ಹಚ್ಚು, ನಿಶ್ಚಿಂತೆಯಿಂದ ಮಲಗು. ನಿಮ್ಮ ಕಚೇರಿಯ ಗೋಡೆಗೆ ಇದನ್ನೂ ಒಂದು ಸೂಚನೆಯಾಗಿ ಹಚ್ಚಿದರೆ ಜನರಿಗೆ ಅನುಕೂಲ. ನಾನೇ ಪುಕಟ ಟೈಪು ಮಾಡಿ ಕೊಡುತ್ತೇನೆ.

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂದು ಗಾದೆ ಇದೆ. ನಮ್ಮಲ್ಲಿ ಹೊಲವೇ ಎದ್ದು ಬೇಲಿಯನ್ನು ಮೇಯ್ದಿದೆ, ಕಾಯಬೇಕಾದವರು ಮೋಟಾರ್‌ಸೈಕಲ್‌ನಿಂದ ಇಳಿದಿಲ್ಲ. ಅಕ್ಕಪಕ್ಕದವರು ಮಾತಾಡಿಕೊಂಡು ಬಗೆಹರಿಸಿಕೊಳ್ಳಿ ಎಂದು ನಿಮ್ಮ ಕಚೇರಿಯ ಒಬ್ಬರು ನನಗೆ ಉಪದೇಶವನ್ನೂ ಮಾಡಿದರು. ಮಾತಾಡುವುದು ಬೇಡ ಎಂದವರು ಯಾರು? ಎರಡು ಮನೆಗಳ ನಡುವೆ ಮಜ್ಜಿಗೆ, ಹಿಟ್ಟು, ಬಾಣಂತಿಯ ಅಂಟಿನ ಉಂಡಿ ಎಲ್ಲ ಓಡಾಡಿವೆ. ಮಾತಿಗೆ ಒಂದು ಗೆರೆ ಬೇಕು, ಆ ಗೆರೆ ಎಲ್ಲಿದೆ ಎಂದು ಹೇಳುವ ಕೆಲಸಕ್ಕೆ ನಿಮಗೆ ಪಗಾರ ಕೊಡುತ್ತಾರೆ. ಗೆರೆ ಗೊತ್ತಿಲ್ಲದ ಕಡೆ ಮಾತಾಡಿದರೆ ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಈಗ ಸಹಿಸಲಾಗದ್ದು ಬಂದಿದೆ. ಈ ಸಲ ಕಡಿದ ಮೇಲೆ ದುಂಡೇಶ ಕುಳೆ ಇಡುವುದಿಲ್ಲವಂತೆ. ಬುಡವೆಲ್ಲ ಕಿತ್ತು, ಆಳವಾಗಿ ರಂಟೆ ಹೊಡೆಸಿ, ಹೊಸ ತಳಿ ಹಚ್ಚುತ್ತಾನಂತೆ. ಇದನ್ನು ಅವನೇ ನನ್ನ ಅಂಗಡಿಗೆ ಬಂದು ಹೇಳಿದ. ಕೂತು ಚಹಾ ಕುಡಿದ, ಹುಕ್ಕೇರಿಗೆ ಕೊಟ್ಟ ನನ್ನ ಮಗಳು ಶೋಭಾ ಹೇಗಿದ್ದಾಳೆ ಎಂದು ಕೇಳಿದ. ಆಮೇಲೆ ಹೇಳಿದ.

‘ವೈನಿ, ಅಣ್ಣಾರ ಕಲ್ಲ ನಿಮ್ಮ ಕಡೆ ಇಟಗೊಂಡ ಬಿಡ್ರಿ. ನಡಬರಕ ಬಂದ್ರ ಸಾಲ ಸೊಟ್ಟ ಆಗ್ತಾವ.’

‘ಕಲ್ಲ ಒಯ್ಯತೇನಿ. ಮನಷ್ಯಾನ್ನ ಹೆಂಗ ಒಯ್ಯಲಿ?’

‘ಜೀವ ಹೋದ ಮ್ಯಾಲ ಬಯಲಾದ್ರು ಅಂತ ಮಠದಾಗ ಸ್ವಾಮ್ಗೋಳು ಹೇಳ್ತಾರಲ್ರಿ. ಬಯಲಾದವರಿಗಿ ಜಾಗಾ ಯಾಕ ಬೇಕ್ರಿ?’

ತನ್ನ ಅನುಕೂಲಕ್ಕೆ ಬಂದಾಗ ಇವನಿಗೆ ಎಷ್ಟು ಚಂದ ಧರ್ಮ ನೆನಪಾಗುತ್ತದೆ ನೋಡಿ. ‘ಬಯಲಾದದ್ದು ನಿಮ್ಮಣ್ಣ, ನನ್ನ ಹೊಲ ಅಲ್ಲ. ಏಳು’ ಅಂದೆ. ಎದ್ದು ಹೋದ. ಆ ದಿನ ನಾನು ಮತ್ತೆ ಒಂದಕ್ಷರ ಟೈಪು ಮಾಡಲಿಲ್ಲ.

ರಂಟೆ ಹೊಡೆಯುವ ಟ್ರ್ಯಾಕ್ಟರ್ ನಮ್ಮ ಓಣಿಯ ಹಣಮಂತನದು. ಅವನನ್ನು ಕೇಳಿದೆ. ‘ಕಾಕೂ, ನೀವ್ ಬಂದು ಅಲ್ಲಿ ಕುಂತ್ರ ನಾ ಎಂಜಿನ್ ಬಂದ್ ಮಾಡ್ತೇನ್ರಿ. ಆದ್ರ ಅಂವ ಕೊಣ್ಣೂರಿಂದ ಬ್ಯಾರೆ ಟ್ರ್ಯಾಕ್ಟರ್ ತರಸ್ತಾನ. ಅವರಿಗಿ ನೀವ್ಯಾರಂತ ಗೊತ್ತಿರೂದಿಲ್ಲ’ ಅಂದ. ಅವನು ಹೇಳಿದ್ದು ಸರಿ. ಕಬ್ಬು ಕಡಿಯುವ ಗ್ಯಾಂಗು ಬಂದು ಕೊಣ್ಣೂರಿನ ಹತ್ತಿರ ಗುಡಿಸಲು ಹಾಕಿದೆ. ದಿನಾ ಬೆಳಗ್ಗೆ ಅಂಗಡಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ಇವತ್ತು ಯಾರ ಹೊಲದಲ್ಲಿದ್ದಾರೆ, ನಾಳೆ ಯಾರದು ಎಂದು. ಊಟ ಸೇರುವುದಿಲ್ಲ. ಅರ್ಜಿ ಬರೆಸಲು ಬಂದವರು ಎರಡೆರಡು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ‘ಅವ್ವಾ, ಅದನ್ನ ತಲ್ಯಾಗಿಂದ ತಗದ ಬಿಡ, ಹುಕ್ಕೇರಿಗಿ ಬಾ’ ಎಂದು ಶೋಭಾ ಫೋನಿನಲ್ಲಿ ಅಳುತ್ತಾಳೆ. ನಾನು ಇಲ್ಲಿಂದ ಹೋದ ದಿನವೇ ಅಲ್ಲಿ ರಂಟೆ ಬೀಳುತ್ತದೆ ಎಂದು ಅವಳಿಗೆ ಹೇಗೆ ಹೇಳಲಿ?

ಮೊನ್ನೆ ಪಾರವ್ವನವರು ಬಂದಿದ್ದರು. ಹಿರಿಯರ ಸಭೆಯ ನಂತರ ಅವರು ನಮ್ಮ ಹೊಸ್ತಿಲು ತುಳಿದಿರಲಿಲ್ಲ, ನಾನೂ ಕರೆದಿರಲಿಲ್ಲ. ಬಂದವರು ಒಳಗೆ ಬರದೆ ಕಟ್ಟೆಯ ಮೇಲೆ ಕೂತರು. ನೀರು ಕೊಟ್ಟೆ. ಕುಡಿಯದೆ ತಂಬಿಗೆ ಹಿಡಿದುಕೊಂಡೇ ಮಾತಾಡಿದರು.

‘ನಾ ಚೆಲ್ಲಿದ್ದು ನಿನ್ ಹೆಸರಲೆ ಯವ್ವಾ. ಮಂದ್ಯಾಗ ಹೇಳಲಿಲ್ಲ. ಮಗನ ಮನ್ಯಾಗ ಉಣ್ಣಾಕತ್ತೇನಿ, ಏನ್ ಮಾಡ್ಲಿ.’

‘ಈಗರೆ ಹೇಳ್ರಿ ಅತ್ತಿ.’

‘ಮಗನ ಮ್ಯಾಲ ಸಾಕ್ಷಿ ಹೇಳಂಗಿಲ್ಲ.’ ತಂಬಿಗೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ‘ನಮ್ಮವರದೂ ಅಲ್ಲೇ ಐತಿ, ಗೊತ್ತೈತಿಲ್ಲ ನಿನಗ?’

ನನಗೆ ಗೊತ್ತಿರಲಿಲ್ಲ. ಪಾರವ್ವನವರ ಯಜಮಾನರು ನಾನು ಈ ಊರಿಗೆ ಸೊಸೆಯಾಗಿ ಬರುವ ಮೊದಲೇ ತೀರಿಕೊಂಡವರು. ಅವರನ್ನೂ ಇದೇ ಹಳೆಯ ಬದುವಿನ ಪಕ್ಕಕ್ಕೇ ಮಣ್ಣು ಮಾಡಿದ್ದಂತೆ, ಅವರ ಹೊಲದ ಬದಿಗೆ. ಬದುವಿನ ಈಚೆ ನಮ್ಮವರು, ಆಚೆ ಅವರು. ಗುರುತಿನ ಕಲ್ಲು ಯಾವುದೋ ಮಳೆಗೆ ಮಣ್ಣಲ್ಲಿ ಹೂತು ಹೋಗಿದೆ. ಆಗ ದುಂಡೇಶ ತೊಟ್ಟಿಲ ಕೂಸು. ಬದುವಿನ ಬದಿ ಎಂದು ಯಾರೂ ಅಲ್ಲಿ ರಂಟೆ ಹಾಯಿಸುತ್ತಿರಲಿಲ್ಲ. ಬದುವೇ ಈಚೆಗೆ ಬಂದ ಮೇಲೆ ಆ ಜಾಗ ಹೊಲದ ನಡುವಾಯಿತು. ನಮ್ಮವರಿಗೆ ಒಂದು ಹೊರಸಿನಷ್ಟು ಜಾಗವನ್ನಾದರೂ ಬಿಟ್ಟಿದ್ದಾನೆ. ತನ್ನ ಹಡೆದಪ್ಪನ ಮೇಲೆ ಕಬ್ಬು ಬೆಳೆದು ಕಾರ್ಖಾನೆಗೆ ಕಳಿಸಿದ್ದಾನೆ, ಪಾಪ, ಅವನಿಗೆ ಅದು ಗೊತ್ತೇ ಇಲ್ಲ.

‘ಮಗನಿಗಿ ಹೇಳ್ರಲಾ ಅತ್ತಿ’ ಅಂದೆ.

‘ಹೇಳಿದ್ನಿ. ನಿನಗ ವಯಸ್ಸಾತು, ಜಾಗಾ ತಪ್ಪಿ ಹೇಳಾಕತ್ತಿ ಅಂದ.’ ತಂಬಿಗೆಯನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡರು. ‘ಕಬ್ಬ ಕಡದ ದಿನಾ ನಾನೂ ಬರ್ತೇನಿ. ಮಗನ ಮ್ಯಾಲ ಮಾತಾಡಂಗಿಲ್ಲ. ಗಂಡನ ಹತ್ರ ಹೋಗಿ ಕುಂಡ್ರಾಕ ಯಾರ್ ಬ್ಯಾಡ ಅಂತಾರ?’

ಇದನ್ನೆಲ್ಲ ಪತ್ರಿಕೆಗೆ ಬರೆಯಲೆ ಎಂದು ಅವರನ್ನೇ ಕೇಳಿದೆ. ‘ಬರಿ. ನನ್ ಹೆಸರೂ ಹಾಕ’ ಅಂದರು.

ಆದ್ದರಿಂದ ಮಾನ್ಯರೇ, ನನ್ನ ಬೇಡಿಕೆ. ಮತ್ತೊಂದು ಅರ್ಜಿ ಕೇಳಬೇಡಿ. ಪಾಳಿ ಎನ್ನಬೇಡಿ. ಆ ಹೊಲದಲ್ಲಿ ಕಬ್ಬು ನೆಲಕ್ಕೆ ಬಿದ್ದು ಒಣಗರಿಯ ರವದಿಯಷ್ಟೇ ಉಳಿದ ದಿನ ನಿಮ್ಮ ಸರ್ವೇಯರ್ ಅಲ್ಲಿ ಇರಬೇಕು. ಅಳತೆ ಮುಗಿಯುವ ತನಕ ಅಲ್ಲಿ ರಂಟೆ ಹೂಡಬಾರದೆಂದು ಸಂಬಂಧಪಟ್ಟವರಿಂದ ಬರಹದಲ್ಲಿ ಆದೇಶ ಮಾಡಿಸಿ. ನನ್ನ ಪರವಾಗಿಯೇ ಅಳೆಯಿರಿ ಎಂದು ನಾನು ಕೇಳುತ್ತಿಲ್ಲ. ಅಳೆದ ಮೇಲೆ ಆ ಜಾಗ ಖರೆಯೇ ದುಂಡೇಶನದು ಎಂದು ಬಂದರೆ, ಮಠಕ್ಕೆ ಹೋಗಿ ಕೇಳಿ, ಮಾಡಬೇಕಾದ ಕ್ರಮ ಮಾಡಿ, ನನ್ನವರನ್ನು ನನ್ನ ಹೊಲಕ್ಕೆ ಕರೆದುಕೊಂಡು ಬರುತ್ತೇನೆ. ಅದಕ್ಕೂ ನಾನು ಗಟ್ಟಿಯಾಗಿದ್ದೇನೆ. ಗಟ್ಟಿಯಾಗಲು ಆಗದಿರುವುದು ಒಂದಕ್ಕೇ, ಯಾರದೆಂದು ಗೊತ್ತಾಗುವ ಮೊದಲೇ ಅವರ ಮೇಲೆ ರಂಟೆ ಹಾಯುವುದಕ್ಕೆ.

ಹಳೆಯ ಗಡಿಕಲ್ಲು ಸಿಗಲಿಲ್ಲ, ಎಲ್ಲಿಂದ ಅಳೆಯಬೇಕೋ ತಿಳಿಯುತ್ತಿಲ್ಲ ಎಂದು ನಿಮ್ಮವರು ಷರಾ ಬರೆಯಬಹುದು. ಆ ತೊಂದರೆ ಬೇಡ. ಆ ದಿನ ಬೆಳಗ್ಗೆಯಿಂದ ಬಯಲಾದ ಹೊಲದಲ್ಲಿ ಇಬ್ಬರು ಹೆಂಗಸರು ಕೂತಿರುತ್ತೇವೆ. ನಾನು ನನ್ನ ಗಂಡನ ಹತ್ತಿರ, ಪಾರವ್ವನವರು ಅವರ ಗಂಡನ ಹತ್ತಿರ. ನಮ್ಮಿಬ್ಬರ ನಡುವೆ ಒಬ್ಬರು ನಡೆಯುವಷ್ಟು ನೆಲ ಉಳಿದಿರುತ್ತದೆ. ಬದು ಇದ್ದದ್ದು ಅಲ್ಲಿ. ಸರಪಳಿಯನ್ನು ಅಲ್ಲಿಂದ ಹಿಡಿಯಲು ಹೇಳಿ.

ಇಂತಿ,
ತನ್ನ ಹೊಲದಲ್ಲೇ ಪರವಾನಿಗಿ ಕೇಳಿ ಗಂಡನ ಹತ್ತಿರ ಹೋಗುವವಳು,
ದಾಕ್ಷಾಯಿಣಿ ವೀರಪ್ಪ
ಟೈಪಿಂಗ್ ಅಂಗಡಿ, ಸ್ಟೇಷನ್ ರಸ್ತೆ, ಘಟಪ್ರಭಾ
(ಕಬ್ಬು ಕಡಿಯುವ ದಿನ ಅಂಗಡಿಗೆ ರಜೆ. ಹೊಲದಲ್ಲಿ ಸಿಗುತ್ತೇನೆ.)